ರಾಮಾ ಹಸಿರು

ಮುದ್ರಣ ಯಂತ್ರದಿಂದ ಹೊರಬಂದ ಹಾಳೆಯನ್ನು ವೈಜಿನಾಥ ಮೊಬೈಲಿನ ಪಕ್ಕ ಹಿಡಿದ. ಥೂ, ಇದೂ ಅಲ್ಲ. ಮೊಬೈಲಿನ ಫೋಟೋದಲ್ಲಿ ಹೆಂಡತಿ ವಿಜಯಶ್ರೀಯ ರಾಮಾ ಹಸಿರಿನ ಸೀರೆ ನೀರುಂಡ ಪೈರಿನಂತೆ ಮಿಂಚುತ್ತಿತ್ತು. ಹಾಳೆಯ ಮೇಲೆ ಮಂಕು. ಮೊದಲ ಪ್ರತಿಯನ್ನಂತೂ ನೋಡಿದೊಡನೆ ಮುದುರಿ ಕಸದ ಬುಟ್ಟಿಗೆ ಎಸೆದಿದ್ದ. ಆಮೇಲೆ ಹಸಿರು ಏರಿಸಿದ, ನೀಲಿ ಇಳಿಸಿದ, ಹೊಳಪಿನ ಹಾಳೆ ಹಾಕಿದ. ನಾಳೆ ಹೆಂಡತಿಯ ವರ್ಷದ ಪುಣ್ಯಸ್ಮರಣೆ. ಗೋಡೆಯ ಫೋಟೋದಲ್ಲಿ ಸೀರೆಯ ಬಣ್ಣವಾದರೂ ಅವಳದೇ ಇರಬೇಕು ಎಂಬುದೊಂದೇ ಅವನ ಹಟ.

ಬೀದರಿನ ಅವನ ಈ ಮುದ್ರಣದ ಅಂಗಡಿಗೆ, ಬಣ್ಣ ಬೇರೆ ಬಂತೆಂದು ಲಗ್ನಪತ್ರಿಕೆ ಹಿಡಿದು ಜಗಳಕ್ಕೆ ಬಂದವರಿಗೆಲ್ಲ ಅವನದು ಒಂದೇ ಪಾಠ: "ಮೊಬೈಲಿಗಿ ಒಳಗೇ ದೀಪ ಅದರಿ. ಹಾಳಿಗಿ ಮ್ಯಾಲ ಬಿದ್ದ ಬೆಳಕೇ ಗತಿ. ಎರಡೂ ಒಂದೇ ಬಣ್ಣ ಹ್ಯಾಂಗ ತೋರಸ್ತಾವ್ರಿ?" ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಆದರೆ ನಗುವಂತಿಲ್ಲ. ನೌಬಾದದ ಮನೆಯಲ್ಲಿ ವರ್ಷವಿಡೀ ಅವನ ಜೊತೆ ಊಟಕ್ಕೆ ಕೂತದ್ದು ತಂಬಿಗೆಗೆ ಆನಿಸಿಟ್ಟ ಆ ಮೊಬೈಲೊಂದೇ. ರೊಟ್ಟಿ ಮುರಿಯುತ್ತ ಅದರೊಡನೆ ಮಾತಾಡಿದ್ದೂ ಉಂಟು, ಪಾಪ.

ಮಧ್ಯಾಹ್ನ ಔರಾದದಿಂದ ಹೆಂಡತಿಯ ತಂಗಿ ಸುಜಾತಾ ಬಂದಳು. ನಾಳೆಯ ಅಡಿಗೆಗೆ ಏನೇನು ತರಬೇಕೆಂದು ಕೇಳಿದಳು. ಅವನು ಅವಳತ್ತ ಒಮ್ಮೆ ನೋಡಿ, ಕೂಡಲು ಹೇಳಿ, ಮತ್ತೆ ಹಾಳೆಗೆ ಕಣ್ಣು ಹಚ್ಚಿದ.

"ನಿಮ್ಮಕ್ಕನ ಸೀರಿ ಬಣ್ಣ ಬರವಲ್ದು ಸುಜಾತಾ. ಭಾಲ್ಕಿದಾಗ ನಾನೇ ಆರಿಸಿದ ಸೀರಿ. ನನಗ ಗೊತ್ತಿಲ್ಲೇನು?"

ಸುಜಾತಾ ತನ್ನ ಸೆರಗಿನ ತುದಿಯನ್ನು ಮೇಜಿನ ಮೇಲೆ ಬಿಸಿಲಿಗೆ ಹರವಿದಳು.

"ಮಾಮಾ, ಅದೇ ಸೀರಿ ಉಟ್ಕೊಂಡು ಬಂದೀನ್ರಿ. ಅಕ್ಕ ತೀರಿದ ಮ್ಯಾಲ ದಿನಕರ್ಮದಾಗ ನೀವೇ ಕೊಟ್ಟಿದ್ರಿ. ಇಷ್ಟು ದಿನ ಟ್ರಂಕಿನಾಗಿತ್ತು, ಇವತ್ತೇ ತೆಗದೀನಿ."

ಬಾಗಿಲಲ್ಲಿ ಅವಳು ನಿಂತಾಗ ಅವನಿಗೆ ಯಾವುದೋ ಸೀರೆ ಎಂದಷ್ಟೇ ಕಂಡಿತ್ತು. ಬಗ್ಗಿ, ಬುಟ್ಟಿಯಲ್ಲಿ ಕೈಯಾಡಿಸಿ, ಮೊದಲ ಪ್ರತಿಯನ್ನು ಹುಡುಕಿ ಸೆರಗಿನ ಪಕ್ಕ ಬಿಡಿಸಿಟ್ಟ. ಎಳೆಯಷ್ಟೂ ಫರಕಿರಲಿಲ್ಲ. ಮುದುಡಿದ ಗೆರೆ ಮಾತ್ರ ವಿಜಯಶ್ರೀಯ ಮುಖದ ಮೇಲೇ ಹಾದು ಹೋಗಿತ್ತು.

ಅಂಥದ್ದೇ ಇನ್ನೊಂದು ಪ್ರತಿ ತೆಗೆದರಾಯಿತು, ಅದಕ್ಕೇನು ಎಂದಳು ಸುಜಾತಾ. ಅವನಿಗೆ ಕೇಳಿಸಿತೋ ಇಲ್ಲವೋ. ಆ ಗೆರೆಯನ್ನು ಹೆಬ್ಬೆರಳಿನಿಂದ ತೀಡುತ್ತಲೇ ಕೂತ. ಪಕ್ಕದಲ್ಲಿ ಮೊಬೈಲಿನ ದೀಪ ತಾನಾಗಿ ಆರಿತು.