ಕಂದು ಅಂಚು

ಬಲಗೈಯ ಎಣಿಕೆಯಂತ್ರ ನೂರು ಮುಟ್ಟಿದಾಗ ಎಡಗೈಯದು ನಲವತ್ತಾರರಲ್ಲಿ ನಿಂತಿತ್ತು. ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟಳು. ನಿನ್ನೆ ಇದೇ ಸ್ಲೈಡಿನಲ್ಲಿ ಐವತ್ಮೂರು ಬಂದಿತ್ತು. ಸಹಿಗೆ ಕಳಿಸುವ ಮೊದಲು ಮರುದಿನ ಇನ್ನೊಮ್ಮೆ ಎಣಿಸುವುದು ಲ್ಯಾಬಿನ ರೂಢಿ.

ಬಲಗೈ ಒತ್ತುವುದು ಕಂಡ ಕ್ಯಾನ್ಸರ್ ಕೋಶಕ್ಕೆಲ್ಲ, ಎಡಗೈ ಬಣ್ಣ ಹಾಕಿದಾಗ ಕಂದು ಅಂಚು ಮೂಡಿದ್ದಕ್ಕೆ ಮಾತ್ರ. ಆ ಅಂಚು ತೊಟ್ಟ ಕೋಶ, ಹೊಡೆಯಲು ಬಂದ ದೇಹದ ಕಾವಲು ಕೋಶಗಳನ್ನು ಸುಮ್ಮನೆ ಕೂರಿಸಿಬಿಡುತ್ತದೆ. ನೂರಕ್ಕೆ ಐವತ್ತಾದರೂ ಹಾಗಿದ್ದರೆ, ಕಾವಲನ್ನು ಮತ್ತೆ ಎಬ್ಬಿಸುವ ಹೊಸ ಔಷಧಿಯೊಂದೇ ಸಾಕು. ಕಡಿಮೆಯಾದರೆ ಜೊತೆಗೆ ಕೀಮೋ.

ತಪ್ಪು ಎಲ್ಲಾಯಿತೆಂದು ಈಗ ಕಂಡಿತು. ಕಾವಲು ಕೋಶಗಳಲ್ಲೂ ಕೆಲವು ಇದೇ ಕಂದು ಹಿಡಿಯುತ್ತವೆ. ಗಡ್ಡೆಯೊಳಗೆ ನುಸುಳಿ ಕೂತ ಅಂಥ ಏಳೆಂಟನ್ನು ನಿನ್ನೆ ಕ್ಯಾನ್ಸರಿನ ಲೆಕ್ಕಕ್ಕೆ ಸೇರಿಸಿದ್ದಳು. ಹೊಸಬರಿಗೆ ಮೊದಲ ದಿನವೇ ಅವಳು ಹೇಳಿಕೊಡುವ ಪಾಠವದು.

ಸ್ಲೈಡಿನ ಮೇಲೆ ಹೆಸರಿರಲಿಲ್ಲ. ಆದರೆ ಸಂಖ್ಯೆ ಅವಳಿಗೆ ಬಾಯಿಪಾಠ. ಅದು ಅತ್ತಿಗೆಯ ಶ್ವಾಸಕೋಶದ ಚೂರು. ತಡೆಯಲಾರದೆ ನಿನ್ನೆ ಸಂಜೆಯೇ ಫೋನಿನಲ್ಲಿ ಹೇಳಿಬಿಟ್ಟಿದ್ದಳು.

"ಐವತ್ಮೂರಾ? ಶಾಲೇಲೂ ನಂಗೆ ಇಷ್ಟು ಬಂದಿರ್ಲಿಲ್ಲ ಕಣೇ," ಎಂದು ಅತ್ತಿಗೆ ನಕ್ಕಿದ್ದಳು. ಕೀಮೋ ಬೆರಳ ತುದಿ ಜೋಮು ಹಿಡಿಸುತ್ತದೆಂದು ಯಾರೋ ಹೇಳಿ ಹೆದರಿಸಿದ್ದರು. ಹೊಲಿಗೆಯವಳಿಗೆ ಬೆರಳೇ ಎಲ್ಲ. ಗಿರಾಕಿಗಳಿಗೆ ವಾಪಸು ಕಳಿಸಲೆಂದು ಕಟ್ಟಿಟ್ಟಿದ್ದ ಬಟ್ಟೆಗಳ ಗಂಟನ್ನು ಮಾತಾಡುತ್ತಲೇ ಬಿಚ್ಚಿದ್ದಳಂತೆ.

ಡಾಕ್ಟರಮ್ಮ ಪೆನ್ನು ಹಿಡಿದೇ ಒಳಗೆ ಬಂದರು. ತಾನೂ ನೋಡಿದೆ, ಕಣ್ಣಂದಾಜಿಗೆ ಐವತ್ತರ ಆಸುಪಾಸು ಅನ್ನಿಸಿತು ಎಂದರು.

"ನಿಮ್ಮ ಐವತ್ಮೂರನ್ನೇ ಇಟ್ಕೊಳ್ಳೋಣ್ವಾ?"

ಹೂಂ ಅಂದರೆ ಮುಗಿಯುತ್ತಿತ್ತು. ಎಡಗೈಯ ಯಂತ್ರ ಇನ್ನೂ ಅಂಗೈಯಲ್ಲೇ ಇತ್ತು.

"ಬೇಡ ಮೇಡಂ. ನಲವತ್ತಾರು. ನಿನ್ನೆ ಕಾವಲಿನವನ್ನೂ ಸೇರಿಸ್ಬಿಟ್ಟಿದ್ದೆ."

"ನೀವೂನಾ?" ಡಾಕ್ಟರಮ್ಮನಿಗೆ ನಗು ಬಂತು. ಇಪ್ಪತ್ತು ವರ್ಷಕ್ಕೊಂದು ತಪ್ಪು ಮಾಫಿ ಎಂದು ತಾವೇ ಒಮ್ಮೆ ಬಗ್ಗಿ ನೋಡಿ, ತಲೆಯಾಡಿಸಿ, ಸಹಿ ಹಾಕಿ ಹೋದರು.

ಅವಳು ಸ್ಲೈಡನ್ನು ಅದರ ಗೂಡಿಗೆ ಸೇರಿಸಿದಳು. ಬಾಗಿಲ ಹಿಂದೆ ರಜೆಯ ಪಟ್ಟಿ ತೂಗುತ್ತಿತ್ತು. ಕೀಮೋ ಹಾಕುವುದು ಗುರುವಾರಗಳಂದು, ಮೂರು ವಾರಕ್ಕೊಮ್ಮೆ. ಪೆನ್ಸಿಲು ಹುಡುಕಿ, ತನ್ನ ಸಾಲಿನಲ್ಲಿ ಬೆರಳಾಡಿಸುತ್ತ ನಾಲ್ಕು ಗುರುವಾರಗಳ ಚೌಕದಲ್ಲಿ ಒಂದೊಂದು ಸಣ್ಣ ಚುಕ್ಕೆ ಇಟ್ಟಳು. ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟು, ಮುಂದಿನ ಸ್ಲೈಡನ್ನು ಬೆಳಕಿಗೆ ಹಿಡಿದಳು.