ಹದಿನೇಳು ವರ್ಷದ ಮೇಲೊಂದು ಆಲ್ಬಮ್

ಬ್ಯಾಂಡು ಒಡೆದು ಹದಿನೇಳು ವರ್ಷವಾಗಿತ್ತು. ಒಡೆದದ್ದು ಅಕ್ಕ-ತಮ್ಮನ ಜಗಳದಿಂದ. ಅಕ್ಕ ಹಾಡುಗಾರ್ತಿ, ತಮ್ಮ ಗಿಟಾರಿನವನು. ಮೂರನೆಯ ಆಲ್ಬಮ್ಮಿನಿಂದ ಅಕ್ಕ ಬರೆದ ಒಂದು ಹಾಡನ್ನು ತಮ್ಮ ಹೇಳದೆ ಕೇಳದೆ ಕಿತ್ತುಹಾಕಿದ್ದ. ಅಂಗಡಿಯಲ್ಲಿ ಸೀಡಿ ತಿರುಗಿಸಿ ಹಾಡುಗಳ ಪಟ್ಟಿ ಓದಿದಾಗಲೇ ಅವಳಿಗೆ ಗೊತ್ತಾದದ್ದು. ಅಂದು ಮೈಕು ಬಿಟ್ಟವಳು ಶಾಲೆ ಸೇರಿ ಭೂಗೋಳದ ಮೇಡಂ ಆದಳು. ಆಮೇಲೆ ನೆಂಟರ ಮನೆಯಲ್ಲಿ ಎದುರಾದರೆ "ಆರಾಮಾ?", "ಹೂಂ, ಆರಾಮು". ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಡ್ರಮ್ಮಿನವನನ್ನು ಎಲ್ಲರೂ ಗುಡುಗು ಎಂದೇ ಕರೆಯುತ್ತಿದ್ದರು. ಅವನೀಗ ಬೇಕರಿ ಇಟ್ಟುಕೊಂಡು ತೋಳಿನ ಬಲವನ್ನೆಲ್ಲ ಹಿಟ್ಟಿನ ಮೇಲೆ ತೋರಿಸುತ್ತಿದ್ದ. ಒಂದು ದಿನ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ.

"ಅಕ್ಕ, ಹತ್ತು ಹೊಸ ಹಾಡು ರೆಡಿ ಇವೆ. ಹಾಡೋರಿಲ್ಲ."

"ಕಳಿಸಿದ್ದು ಅವನೇ ತಾನೆ?"

"ಅವನೇ. ನಿಮ್ಮ ಎದುರು ಬರೋಕೆ ಧೈರ್ಯ ಇಲ್ಲ, ನನ್ನನ್ನ ಮುಂದೆ ತಳ್ಳಿದಾನೆ."

ಅವಳಿಗೆ ನಗು ಬಂತು. "ನೋಡೋಣ" ಎನ್ನುವ ಮಾತೂ ಬಾಯಿಂದ ಜಾರಿತು. ಆದರೆ ಒಳಗೊಳಗೇ ಅಳುಕು. ಐವತ್ತು ಮಕ್ಕಳ ತರಗತಿಯಲ್ಲಿ ವರ್ಷಗಟ್ಟಲೆ ಕೂಗಿ ಕೂಗಿ ಗಂಟಲು ಒರಟಾಗಿತ್ತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಸ್ಟುಡಿಯೋಕ್ಕೆ ಹೋದಳು. ಪೀಠೋಪಕರಣದ ಅಂಗಡಿಯ ಮಹಡಿ ಮೇಲಿನ ಕೋಣೆ. ಗೋಡೆಗೆಲ್ಲ ಹಳೆಯ ರತ್ನಗಂಬಳಿ ಹೊಡೆದಿದ್ದರು. ತಮ್ಮನ ತಲೆ ಅರ್ಧ ಬೋಳಾಗಿತ್ತು. ಅವಳನ್ನು ಕಂಡವನೇ ತಂತಿ ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿದ.

ಗಂಟಲು ಬಿಡಿಸಿಕೊಳ್ಳಲು ಮೊದಲು ಒಂದು ಹಳೆಯ ಹಾಡು ಎತ್ತಿಕೊಂಡರು. ಏರುದನಿಯ ಸಾಲು ಬಂತು. ಅವಳ ಸ್ವರ ಹಳೇ ಸೀರೆಯ ಹಾಗೆ ಪರ್ರನೆ ಹರಿಯಿತು. ಇನ್ನೊಮ್ಮೆ ಪ್ರಯತ್ನಿಸಿದಳು, ಅದೇ ಗತಿ. ಹೆಡ್‌ಫೋನ್ ಕಳಚಿಟ್ಟು ಚೀಲ ಹೆಗಲಿಗೇರಿಸಿದಳು.

"ಬೇರೆ ಯಾರನ್ನಾದ್ರೂ ನೋಡ್ಕೊಳ್ರಪ್ಪ. ನನ್ನ ದನಿ ಹೋಗಿದೆ."

"ಅಕ್ಕ, ಕೂತ್ಕೋ. ಹೊಸದು ಒಂದು ಹಾಡಿ ನೋಡು," ಎಂದ ತಮ್ಮ. "ಅವೆಲ್ಲ ಕೆಳಗಿನ ಶ್ರುತೀಲಿವೆ. ನಿನ್ನ ಈಗಿನ ದನಿಗೇ ಬರೆದಿದ್ದು."

"ನನ್ನ ಈಗಿನ ದನಿ ನಿನಗೆ ಹೇಗೋ ಗೊತ್ತು?"

ಅವನು ಕಿವಿ ಕೆರೆದುಕೊಂಡ. "ಎರಡು ವರ್ಷದ ಹಿಂದೆ ಕ್ಷಮೆ ಕೇಳೋಣ ಅಂತ ನಿಮ್ಮ ಶಾಲೆಗೆ ಬಂದಿದ್ದೆ. ಕ್ಲಾಸಿನ ಕಿಟಕಿ ಹೊರಗೆ ನಿಂತು ಅರ್ಧ ಗಂಟೆ ನದಿಗಳ ಪಾಠ ಕೇಳ್ದೆ. ದನಿ ತಗ್ಗಿತ್ತು, ಆದ್ರೆ ಎಷ್ಟು ಚೆನ್ನಾಗಿತ್ತು ಅಂತೀಯ. ಮನೆಗೆ ಹೋದವನೇ ಬರೆಯೋಕೆ ಕೂತೆ."

"ಒಳಗೆ ಬರೋಕೇನಾಗಿತ್ತು?"

"ಅಷ್ಟರಲ್ಲಿ ನೀನು ಯಾರಿಗೋ ಬೈಯೋಕೆ ಶುರು ಮಾಡ್ದೆ. ನನಗೇ ಬೈತಿದೀಯ ಅನ್ನಿಸಿಬಿಡ್ತು."

ಡ್ರಮ್ಮಿನ ಹಿಂದೆ ಕೂತಿದ್ದ ಗುಡುಗು ಹೊಟ್ಟೆ ಹಿಡಿದುಕೊಂಡು ನಕ್ಕ. ತಮ್ಮ ನಗಲಿಲ್ಲ. "ಆವತ್ತು ನಿನ್ನ ಹಾಡು ತೆಗೆದದ್ದು ತಪ್ಪು ಕಣಕ್ಕ. ನನ್ನ ಹಾಡಿಗಿಂತ ಅದು ಚೆನ್ನಾಗಿತ್ತು. ಅದಕ್ಕೇ ತೆಗೆದೆ."

ಅಕ್ಕ ಚೀಲ ಕೆಳಗಿಟ್ಟಳು. "ಹಾಳೆ ಕೊಡಿಲ್ಲಿ," ಎಂದಳು.

ಹೊಸ ಹಾಡು ಅವಳ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಎಲ್ಲಿಯೂ ಎಳೆಯಬೇಕಾಗಲಿಲ್ಲ, ಒತ್ತಬೇಕಾಗಲಿಲ್ಲ. ದನಿಯ ಒರಟುತನ ಕೂಡ ಹಾಡಿನ ಭಾಗವೇ ಆಗಿಬಿಟ್ಟಿತು. ಮೂರನೆಯ ಚರಣಕ್ಕೆ ಬರುವಷ್ಟರಲ್ಲಿ ಅವಳು ಅಳುಕನ್ನು ಮರೆತೇಬಿಟ್ಟಿದ್ದಳು.

ಹತ್ತು ಭಾನುವಾರಗಳಲ್ಲಿ ಹತ್ತು ಹಾಡುಗಳಾದವು. ಆಲ್ಬಮ್ ಹೊರಬಂದಾಗ ಜಗತ್ತೇನೂ ಅಲುಗಾಡಲಿಲ್ಲ. ಆದರೆ ಹಳೆಯ ಅಭಿಮಾನಿಗಳು ಹುಡುಕಿಕೊಂಡು ಬಂದರು. ಒಂದು ಸಂಜೆ ಚಿಕ್ಕ ಸಭಾಂಗಣದಲ್ಲಿ ನುಡಿಸಿದಾಗ ಮುಕ್ಕಾಲು ಪಾಲು ಕುರ್ಚಿ ತುಂಬಿದ್ದವು. ಮೊದಲ ಸಾಲಿನಲ್ಲಿ ಕೂತ ಶಾಲೆಯ ಹೆಡ್‌ಮಾಸ್ಟರು ಕಿವಿಯೊಳಗೆ ಹತ್ತಿ ಇಟ್ಟುಕೊಂಡು ಕೊನೆಯವರೆಗೂ ಕಾಲು ಕುಣಿಸಿದರು.

ಕಾರ್ಯಕ್ರಮ ಮುಗಿದ ಮೇಲೆ ಮೂವರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದರು. ಎರಡನೆಯ ಹಾಡಿನಲ್ಲಿ ತಾಳ ತುಸು ಓಡಿತು ಎಂದಳು ಅಕ್ಕ. ಓಡಲಿಲ್ಲ ಎಂದ ತಮ್ಮ. ಗುಡುಗು ತನ್ನ ಚಹಾವನ್ನೇ ಊದುತ್ತ ಕೂತ, ಓಡಿಸಿದ್ದು ಅವನೇ. ಚಹಾ ತಣ್ಣಗಾಗುವವರೆಗೂ ಅಕ್ಕ-ತಮ್ಮ ಅದೇ ವಿಷಯಕ್ಕೆ ವಾದ ಮಾಡುತ್ತ ಕೂತರು, ಏಳುವ ಮನಸ್ಸು ಇಬ್ಬರಿಗೂ ಬರಲಿಲ್ಲ.