ಸ್ಕೂಟರಿಗೆ ಏನೂ ಆಗಿರಲಿಲ್ಲ

ಗಂಡ ಕೂತುಕೊಂಡು ಚಹಾ ಕುಡಿದ ದಿನವೇ ಅವಳಿಗೆ ಅನುಮಾನ ಶುರುವಾಯಿತು.

ಅದು ನಿಂತೇ ಬದುಕುವ ಮನೆ. ಸರ್ಕಾರಿ ಕಚೇರಿಗಳ ಎದುರಿಗೆ ಗಂಡ ಹೆಂಡತಿ ನಡೆಸುವ ಜೆರಾಕ್ಸ್ ಅಂಗಡಿ, ಅದರ ಬೆನ್ನಿಗೇ ಎರಡು ಕೋಣೆ. ಅಂಗಡಿಗೆ ಬರುವವರೆಲ್ಲ ಕಚೇರಿಯ ಕಿಟಕಿ ಮುಚ್ಚುವುದರೊಳಗೆ ಅರ್ಜಿ ಕೊಡಬೇಕಾದವರು. ಏದುಸಿರು ಬಿಡುತ್ತಲೇ ಬರುತ್ತಿದ್ದರು. ಒಂದು ಕೈಯಲ್ಲಿ ಹಾಳೆ ತಿರುವುತ್ತಾ ಇನ್ನೊಂದರಲ್ಲಿ ಪಿನ್ ಹೊಡೆಯುವ ಅವಳ ಗಂಡನಿಗೆ ಬೀದಿಯವರು ರಾಕೆಟ್ ಎಂದು ಹೆಸರಿಟ್ಟಿದ್ದರು. ಅವಳೇನೂ ಹಿಂದೆ ಬಿದ್ದವಳಲ್ಲ. ತುತ್ತು ಬಾಯಲ್ಲಿರುವಾಗಲೇ ಲ್ಯಾಮಿನೇಷನ್ ಮುಗಿಸುತ್ತಿದ್ದಳು. ಇಬ್ಬರ ಮಾತೂ ಅರ್ಧರ್ಧ. ‘ಟೋನರ್?’ ‘ಬಂತು.’ ‘ಪುಟ್ಟಿ?’ ‘ಮಲಗಿದ್ಲು.’ ಕೂತು ಮಾತಾಡಿದ್ದು ಅತ್ತೆ ತೀರಿಕೊಂಡಾಗ, ಆಮೇಲೆ ಅಂಗಡಿಗೆ ನೀರು ನುಗ್ಗಿದಾಗ. ಆ ಮನೆಯಲ್ಲಿ ಕೂರುವುದೆಂದರೆ ಕೆಟ್ಟ ಸುದ್ದಿ ಎಂದೇ ಲೆಕ್ಕ.

ಅಂಥವನು ಸ್ಟೂಲ್ ಎಳೆದುಕೊಂಡು, ‘ನೀನೂ ಕೂತ್ಕೋ, ಆರೋಗುತ್ತೆ’ ಅಂದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ?

‘ಏನಾಯ್ತು?’

‘ಏನಾಗ್ಬೇಕು? ಚಹಾ ಕುಡಿ ಅಂದೆ.’

‘ಡಾಕ್ಟರ ಹತ್ರ ಏನಾದ್ರೂ ಹೋಗಿದ್ರಾ?’

‘ಚಹಾ ಕುಡಿಯೋಕೂ ಡಾಕ್ಟರ್ ಚೀಟಿ ಬೇಕೇನೇ?’

ಅವಳು ನಿಂತೇ ಕುಡಿದಳು. ನಾಲಿಗೆ ಸುಟ್ಟಿತು.

ಮಾರನೆಯ ದಿನದಿಂದ ಅವನು ಮಗಳನ್ನು ಶಾಲೆಗೆ ನಡೆಸಿಕೊಂಡೇ ಹೊರಟ. ಸ್ಕೂಟರ್ ಕೆಟ್ಟಿದೆ, ಸ್ಟಾರ್ಟ್ ಆಗುತ್ತಿಲ್ಲ ಅಂದ. ಹೋದವನು ಬರುವಷ್ಟರಲ್ಲಿ ಅಂಗಡಿ ಮುಂದೆ ಜನ ಸೇರಿ ಅವಳ ಮೇಲೆ ಹರಿಹಾಯುತ್ತಿದ್ದರು. ಬಂದವನಿಗೆ ಒಂದಿಷ್ಟೂ ಗಾಬರಿಯಿಲ್ಲ. ಹಾಳೆಗಳನ್ನು ತಟ್ಟಿ ಸಮ ಮಾಡಿ, ‘ಒಂದ್ಸಲ ನೋಡ್ಕೊಳ್ಳಿ ಸಾರ್, ಪುಟ ಹಿಂದೆ ಮುಂದೆ ಆಗಿರ್ಬಹುದು’ ಎನ್ನುತ್ತಿದ್ದ. ನೋಡಿಕೊಳ್ಳಿ ಎಂಬ ಮಾತು ಆ ಬಾಯಿಂದ ಬಂದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ವಾರ ಕಳೆಯಿತು. ಗ್ಯಾರೇಜಿನವನನ್ನು ಕರೆಸುವ ಸುದ್ದಿಯೇ ಇಲ್ಲ. ಒಂದು ಮಧ್ಯಾಹ್ನ ಅವನು ಕಾಗದ ತರಲು ಹೋಗಿದ್ದಾಗ ಅವಳು ಸ್ಕೂಟರಿನ ಹೊದಿಕೆ ಸರಿಸಿ ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವನು ಒರಟನೇ ಹೌದು, ಆತುರಗಾರನೇ ಹೌದು. ಸುಳ್ಳುಗಾರ ಆಗಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದಳು.

‘ಗಂಡಸು ಇದ್ದಕ್ಕಿದ್ದ ಹಾಗೆ ಮೆತ್ತಗಾದ ಅಂದ್ರೆ ಒಂದು ಸಕ್ಕರೆ ಕಾಯಿಲೆ, ಇಲ್ಲ ಇನ್ನೊಬ್ಬಳು,’ ಅಂದಳು ಅಕ್ಕ. ‘ರಕ್ತ ಪರೀಕ್ಷೆ ಮಾಡ್ಸಿದ್ಯಾ?’

‘ಹೋದ ತಿಂಗಳೇ ಆಯ್ತು. ಏನೂ ಇಲ್ಲ.’

‘ಹಾಗಾದ್ರೆ ನನ್ನನ್ನ ಏನು ಕೇಳ್ತೀಯ? ಚಪ್ಪಲಿ ಹಾಕ್ಕೊಂಡು ಹಿಂದೆ ಹೋಗು.’

‘ಛೀ, ಮಗು ಜೊತೆಗಿರತ್ತಲ್ಲೇ.’

‘ಮಗು ಜೊತೆಗಿದ್ರೆ ಯಾರಿಗೂ ಅನುಮಾನ ಬರಲ್ಲ ಕಣೇ. ನಿನ್ನ ಗಂಡ ದಡ್ಡ ಏನಲ್ಲ.’

ಮರುದಿನ ಅಂಗಡಿಯ ಶಟರ್ ಎಳೆದು ಹಿಂಬಾಲಿಸಿದಳು. ನಿಧಾನ ನಡೆಯುವವರನ್ನು ಹಿಂಬಾಲಿಸುವುದು ಎಂಥ ಶಿಕ್ಷೆ ಎಂದು ಆಗ ತಿಳಿಯಿತು. ಹತ್ತು ಹೆಜ್ಜೆ ಹಾಕಿದರೆ ಅವರ ಬೆನ್ನಿಗೇ ಹೋಗಿ ಮುಟ್ಟುತ್ತಿದ್ದಳು. ಔಷಧಿ ಅಂಗಡಿ ಮುಂದೆ ನಿಂತಳು. ಬೇಡದ ಸೌತೆಕಾಯಿಗೆ ಬೆಲೆ ಕೇಳಿದಳು. ಮುಂದೆ ಅಪ್ಪ ಮಗಳು ಗೋಡೆಯ ಮೇಲಿನ ಬೆಕ್ಕನ್ನು ನೋಡುತ್ತಾ ನಿಂತುಬಿಟ್ಟಿದ್ದರು. ಮಗಳು ಏನೋ ಹೇಳುತ್ತಲೇ ಇದ್ದಳು, ಕೈಬಾಯಿ ಕಣ್ಣು ಎಲ್ಲ ಸೇರಿಸಿ. ಈ ಹುಡುಗಿ ಇಷ್ಟೊಂದು ಮಾತಾಡುತ್ತಾಳೆಯೇ? ಮನೆಯಲ್ಲಿ ಹೂಂ, ಉಹೂಂ ಬಿಟ್ಟರೆ ಅವಳ ಬಾಯಿ ತೆರೆಯುತ್ತಿರಲಿಲ್ಲ. ಇಬ್ಬರೂ ಸೇರಿ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡಳು.

ದೊಡ್ಡ ರಸ್ತೆಗೆ ಹತ್ತಿಕೊಂಡಂತೆ ಪೆಟ್ರೋಲ್ ಬಂಕ್. ಅಲ್ಲಿ ಪೆಟ್ರೋಲ್ ಹಾಕುವ ಹೆಂಗಸೊಬ್ಬಳು ಇವರನ್ನು ಕಂಡು ಕೈಯೆತ್ತಿದಳು. ಪುಟ್ಟಿ ಓಡಿಹೋದಳು. ಆ ಹೆಂಗಸು ಪುಟ್ಟಿಯ ಕೆನ್ನೆ ಹಿಡಿದು, ಅವಳ ಅಪ್ಪನಿಗೆ ಏನೋ ಅಂದಳು. ಅವನು ತಲೆಬಾಗಿಸಿ ನಕ್ಕ. ರಾಕೆಟ್ ಯಾರ ಮುಂದೆಯೂ ತಲೆಬಾಗಿಸಿದವನಲ್ಲ.

ಅವಳು ಸೌತೆಕಾಯಿ ಹಿಡಿದುಕೊಂಡೇ ನುಗ್ಗಿದಳು.

‘ಇದೇನಾ ನಿಮ್ಮ ಕೆಟ್ಟಿರೋ ಸ್ಕೂಟರ್?’

ಗಂಡನ ಮುಖ ಬಿಳಿಚಿಕೊಂಡಿತು. ಬಂಕಿನವಳು ಮಾತ್ರ ಅಳುಕಲಿಲ್ಲ. ಅವಳನ್ನು ಕೆಳಗಿಂದ ಮೇಲಕ್ಕೆ ನೋಡಿದಳು.

‘ತಾಯಿ ನೀವೇನಾ? ಅಂತೂ ಬಂದ್ರಲ್ಲ. ಅವತ್ತೇ ಬರ್ತೀರಿ ಅಂದ್ಕೊಂಡಿದ್ದೆ.’

‘ಯಾವತ್ತು?’

‘ಏನ್ರೀ, ಮನೇಲಿ ಹೇಳೇ ಇಲ್ವಾ?’ ಬಂಕಿನವಳು ಅವನ ಕಡೆ ತಿರುಗಿದಳು. ಅವನು ನೆಲ ನೋಡಿದ. ‘ಪೆಟ್ರೋಲ್ ಹಾಕಿಸ್ಕೊಳ್ಳೋಕೆ ಮಗೂನ ಇಳಿಸಿದ್ರು. ಕಾಸು ಕೊಟ್ರು, ಗಾಡಿ ಹತ್ತಿದ್ರು, ಹೋಗೇ ಬಿಟ್ರು. ಮಗು ಇಲ್ಲೇ ನಿಂತಿದೆ. ನಾನು ಕೂಗ್ದೆ, ಕೇಳಿಸ್ಲಿಲ್ಲ. ಪೊಲೀಸರಿಗೆ ಫೋನ್ ಮಾಡೋದ್ರಲ್ಲಿದ್ದೆ, ಅಷ್ಟರಲ್ಲಿ ತಿರುಗಿ ಬಂದ್ರು. ನಂಗೆ ಇವರ ಮೇಲೆ ನಂಬಿಕೆ ಬರ್ಲಿಲ್ಲ, ಈಗ್ಲೂ ಪೂರ್ತಿ ಬಂದಿಲ್ಲ. ದಿನಾ ಬೆಳಿಗ್ಗೆ ನಡೆಸ್ಕೊಂಡು ಬಂದು ಮಗೂನ ನಂಗೆ ತೋರಿಸಿ ಹೋಗ್ಬೇಕು, ಇಲ್ಲ ಅಂದ್ರೆ ಶಾಲೇಲಿ ಹೇಳ್ತೀನಿ ಅಂದೆ.’

ಅವಳಿಗೆ ಮೊದಲು ಬಂದದ್ದು ಸಮಾಧಾನ. ಇನ್ನೊಬ್ಬಳಿಲ್ಲ. ಆ ಸಮಾಧಾನಕ್ಕೆ ತಾನೇ ನಾಚಿಕೊಳ್ಳುವಷ್ಟರಲ್ಲಿ ಸಿಟ್ಟು ಬಂತು.

‘ಹಿಂದೆ ಮಗು ಇಲ್ಲ ಅಂತ ಗೊತ್ತಾಗ್ಲಿಲ್ವಾ ನಿಮಗೆ?’

‘ಶಾಲೆ ಗೇಟಿನ ತನಕ ಮಾತಾಡ್ಕೊಂಡೇ ಹೋದೆ,’ ಅಂದ ಅವನು. ‘ಹೋಂವರ್ಕ್ ಆಯ್ತಾ, ನೀರಿನ ಬಾಟಲ್ ಇದ್ಯಾ ಅಂತ. ಉತ್ತರ ಬರ್ಲಿಲ್ಲ. ದಿನಾನೂ ಬರಲ್ವಲ್ಲ, ಅದಕ್ಕೆ ತಿರುಗಿ ನೋಡ್ಲಿಲ್ಲ.’

ಅವಳಿಗೆ ಇನ್ನೂ ಬೈಯಬೇಕಿತ್ತು.

‘ನಂಗ್ಯಾಕೆ ಮುಚ್ಚಿಟ್ರಿ? ನಾನೇನು ಹೊರಗಿನವಳಾ?’

ಬಂಕಿನವಳೇ ಬಾಯಿ ಹಾಕಿದಳು. ‘ಅವರಿಗೂ ತಲೆ ಕೆಟ್ಟಿತ್ತು ಬಿಡಿ. ಇಲ್ಲಿ ನಿಂತಷ್ಟು ಹೊತ್ತೂ ಯಾರೋ ಫೋನ್ ಮೇಲೆ ಫೋನ್. ಬಂದೆ ಬಂದೆ ಅಂತ ಕೂಗ್ತಾನೇ ಹೊರಟ್ರು.’

ಅವನು ಕೂತು ಚಹಾ ಕುಡಿದ ದಿನದ ಬೆಳಿಗ್ಗೆ ಅವಳಿಗೆ ನೆನಪಾಯಿತು. ಒಬ್ಬ ವಕೀಲ ಕಟ್ಟುಗಟ್ಟಲೆ ಕಾಗದ ತಂದು ಕೌಂಟರ್ ಕುಟ್ಟುತ್ತಿದ್ದ. ಅವಳು ಒಂದು ಕೈಯಲ್ಲಿ ಯಂತ್ರ ಒತ್ತುತ್ತಾ, ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಎಲ್ಲಿ ಸತ್ರಿ, ಬೇಗ ಬನ್ನಿ ಎಂದು ಒದರಿದ್ದಳು. ಮಗಳು ಶಾಲೆ ತಲುಪಿದಳೇ ಎಂದು ಅವತ್ತು ಕೇಳಿರಲಿಲ್ಲ. ಯಾವತ್ತೂ ಕೇಳಿರಲಿಲ್ಲ.

‘ಹೇಳಿದ್ರೆ ಫೋನ್ ಯಾರದ್ದು ಅಂತಾನೂ ಹೇಳ್ಬೇಕಾಗ್ತಿತ್ತು,’ ಅಂದ ಅವನು, ಬಂಕಿನವಳಿಗೆ ಕೇಳಿಸದಷ್ಟು ಮೆಲ್ಲಗೆ.

ಅದು ನಿಜವೋ, ತನ್ನ ತಪ್ಪಿನಲ್ಲಿ ಅವಳಿಗೂ ಪಾಲು ಹಚ್ಚುವ ಜಾಣತನವೋ ಅವಳಿಗೆ ಗೊತ್ತಾಗಲಿಲ್ಲ. ಎರಡೂ ಇರಬಹುದು. ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯಿತು. ಬಂಕಿನವಳು ಕೆಲಸಕ್ಕೆ ಹೋದಳು.

ಅವಳು ಮಗಳತ್ತ ಕೈ ಚಾಚಿದಳು. ‘ಬಾ, ಇವತ್ತು ನಾನೂ ಶಾಲೆ ತನಕ ಬರ್ತೀನಿ.’

ಪುಟ್ಟಿ ಕೈ ಕೊಡಲಿಲ್ಲ. ಅಪ್ಪನ ಮುಖ ನೋಡಿದಳು, ಅಮ್ಮನ ಕಾಲು ನೋಡಿದಳು.

‘ಎಳ್ಕೊಂಡು ಹೋಗ್ತೀಯಾ?’

‘ಇಲ್ಲ.’

‘ನಂಗೆ ದಾರೀಲಿ ನಿಲ್ಲಬೇಕು ಅನ್ನಿಸಿದ್ರೆ?’

‘ನಿಲ್ಲೋಣ.’

ಪುಟ್ಟಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಒಂದು ಕೈಯಲ್ಲಿ ಅಪ್ಪನ ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯ ಕಿರುಬೆರಳನ್ನು ಮಾತ್ರ ಅಮ್ಮನಿಗೆ ಕೊಟ್ಟಳು.